ಲಿನ್‌ಹೋಳ ಸಾರು ಮದ್ದಾದದ್ದು

ಗ್ವಾಂಗ್‌ಝೌ ಹಳೇಪೇಟೆಯ ಹಗ್ಗದ ಓಣಿಯಲ್ಲಿ ಯಾರಿಗಾದರೂ ಸೀನು ಬರುವುದಿದ್ದರೆ ಅದು ಮೊದಲು ಲಿನ್‌ಹೋಗೆ ತಿಳಿಯುತ್ತಿತ್ತು, ಆಮೇಲೆ ಸೀನುವವರಿಗೆ. ಬೇರೆ ಹೆಂಗಸರು ಎದುರಾದವರನ್ನು ಊಟ ಆಯ್ತಾ ಎಂದು ಕೇಳಿದರೆ ಈಕೆ ನಾಲಿಗೆ ಚಾಚು ಅನ್ನುತ್ತಿದ್ದಳು. ಗ್ಯಾಸ್ ಮೀಟರ್ ಓದಲು ಬಂದವನು ಕೂಡ ಮೊದಲು ನಾಲಿಗೆ ತೋರಿಸಿ ಆಮೇಲೆ ಮೀಟರ್ ನೋಡಬೇಕಿತ್ತು. ನೋಡಿದ್ದೇ ತಡ ತೀರ್ಪು ಬರುತ್ತಿತ್ತು. ಒಂದೋ ಒಳಗೆ ಉಷ್ಣ ಏರಿದೆ, ಇಲ್ಲ ಥಂಡಿ ಹಿಡಿದಿದೆ, ಅದೂ ಅಲ್ಲದಿದ್ದರೆ ತೇವ ಕೂತಿದೆ. ಮುಖದ ಮೇಲಿನ ಮೊಡವೆ, ಪರೀಕ್ಷೆಯಲ್ಲಿ ಫೇಲು, ಗಂಡ ಹೆಂಡಿರ ಜಗಳ, ನಗರಸಭೆಯವರು ಕಸ ಎತ್ತದೆ ಇರುವುದು, ಈ ಎಲ್ಲಕ್ಕೂ ಅವಳ ಬಳಿ ಇದ್ದದ್ದು ಇಷ್ಟೇ ಕಾರಣ, ಮತ್ತು ಒಂದೇ ಮಡಕೆ.

ಆ ಮಣ್ಣಿನ ಮಡಕೆಯೇ ಅವಳ ಸಿಂಹಾಸನ. ಗೋಡೆಗಳು ಬೆವರುವ ವಸಂತದಲ್ಲಿ ಅದರೊಳಗೆ ಕೆಂಪು ಕಾಳು, ಹಂದಿಯ ಮೂಳೆ. ಬೇಸಿಗೆಯಲ್ಲಿ ಬೂದುಗುಂಬಳ. ಶರತ್ಕಾಲದ ಒಣ ಗಾಳಿಗೆ ಮರಸೇಬು. ಚಳಿಗಾಲ ಬಂದರೆ ಶುಂಠಿ ಹಾಕಿದ ಕುರಿ ಮಾಂಸ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿಗೆ ಘಮ ಹಬ್ಬಿ, ಮೇಲಿನ ಮನೆಯವರು ತಮ್ಮ ಅಡುಗೆಯ ಬಗ್ಗೆ ನಾಚಿಕೊಳ್ಳುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಲಿನ್‌ಹೋಳ ಮನೆಯಲ್ಲಿ ರೋಗ ಬರಬೇಕಾದರೂ ಅವಳ ಅಪ್ಪಣೆ ಬೇಕಿತ್ತು. ಅವಳ ಸೊಸೆ ಪೇಯ್‌ಲಿಂಗ್ ಹುನಾನ್ ಕಡೆಯವಳು, ಮೆಣಸಿನಕಾಯಿ ಇಲ್ಲದೆ ತುತ್ತು ಇಳಿಯದವಳು. ಮೆಣಸಿನಕಾಯಿ ಉಷ್ಣದ ತವರುಮನೆ ಎಂದು ಅತ್ತೆ ಸಾರಿದ್ದರಿಂದ ಆ ಹುಡುಗಿ ತನ್ನ ಖಾರದ ಸೀಸೆಯನ್ನು ಮಂಚದ ಕೆಳಗೆ ಬಚ್ಚಿಟ್ಟುಕೊಂಡು ಸಂಸಾರ ಮಾಡುತ್ತಿದ್ದಳು.

ಗಂಡ ಕಾಮ್‌ತೋಂಗ್ ಮಾತ್ರ ಈ ರಾಜ್ಯದ ಆದರ್ಶ ಪ್ರಜೆ. ಹೊಳೆಯ ದೋಣಿಯಲ್ಲಿ ದುಡಿದು ನಿವೃತ್ತನಾದ ಆಸಾಮಿ. ಹಗ್ಗ ಬಿಡು, ಹಗ್ಗ ಎಳಿ, ಇವೆರಡು ಬಿಟ್ಟರೆ ಅವನ ಬಾಯಿಂದ ಮೂರನೆಯ ಮಾತು ಬಂದದ್ದನ್ನು ಕೇಳಿದವರು ಕಡಿಮೆ. ದಿನವೂ ಎರಡು ಬಟ್ಟಲು ಸಾರು ಕುಡಿಯುತ್ತಿದ್ದ, ಬಟ್ಟಲು ಕೆಳಗಿಡುತ್ತಿದ್ದ, ಪತ್ರಿಕೆಯ ಹಿಂದೆ ಮರೆಯಾಗುತ್ತಿದ್ದ. ಹೇಗಿತ್ತು ಅಂದರೆ "ಹೂಂ." ಆ ಹೂಂಕಾರವನ್ನೇ ಲಿನ್‌ಹೋ ಹೊಗಳಿಕೆ ಅಂದುಕೊಂಡು ಇಷ್ಟು ವರ್ಷ ಬದುಕಿದ್ದಳು.

ಈಗ ಅನಾಹುತಕ್ಕೆ ಬರೋಣ. ತೇವದ ದಿನಗಳಲ್ಲಿ ತಲೆ ಒದ್ದೆ ಮಾಡಿಕೊಂಡು ಹೊರಗೆ ಹೋಗಬೇಡಿ ಎಂದು ಓಣಿಗೆಲ್ಲ ಪ್ರವಚನ ಮಾಡಿದವಳು, ತಾನೇ ಒದ್ದೆ ತಲೆಯಲ್ಲಿ ಕೆಳಗಿಳಿದು ಕಸದ ಬುಟ್ಟಿಯ ವಿಷಯಕ್ಕೆ ಅರ್ಧ ಬೆಳಗು ಜಗಳವಾಡಿ ಬಂದಳು. ನೆಗಡಿ ಬಂತು. ಬಂದ ನೆಗಡಿ ಹೋಯಿತು. ಹೋಗುವಾಗ ಕೈ ಬೀಸಿಕೊಂಡು ಹೋಗಲಿಲ್ಲ, ಲಿನ್‌ಹೋಳ ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ಕಂಡವರ ಅಡುಗೆಮನೆಗೆಲ್ಲ ತೂರಿಸಿದ ಮೂಗು ಅದು, ದಣಿದಿರಲೂಬಹುದು.

ಅದು ಗೊತ್ತಾದದ್ದು ಕಿತ್ತಳೆ ಸಿಪ್ಪೆಯ ಡಬ್ಬಿಯಿಂದ. ಅಮ್ಮ ಮದುವೆಯಲ್ಲಿ ಕೊಟ್ಟ ತಗಡಿನ ಡಬ್ಬಿ. ಒಳಗೆ ವರ್ಷಗಟ್ಟಲೆ ಮಾಗಿ ಕಪ್ಪಾದ ಒಣ ಸಿಪ್ಪೆ. ದಿನವೂ ಒಲೆ ಹಚ್ಚುವ ಮೊದಲು ಅದನ್ನು ತೆರೆದು ಒಮ್ಮೆ ಮೂಸುವುದು ಅವಳಿಗೆ ದೇವರಿಗೆ ಕೈ ಮುಗಿದ ಹಾಗೆ. ಅಂದು ತೆರೆದಳು, ಮೂಸಿದಳು. ಏನೂ ಇಲ್ಲ. ಮುಚ್ಚಿದಳು, ಮತ್ತೆ ತೆರೆದು ಮೂಸಿದಳು. ಒಂದು ಚೂರು ಬಾಯಿಗೆ ಹಾಕಿ ಅಗಿದಳು. ಕಟ್ಟಿಗೆಯ ಸಿಬಿರು ಅಗಿದಂತಿತ್ತು. ಉಪ್ಪು ನೆಕ್ಕಿದಳು, ಮರಳು. ಸಕ್ಕರೆ ನೆಕ್ಕಿದಳು, ಅದೂ ಮರಳು. ಊರಿನ ನಾಲಿಗೆಗಳಿಗೆಲ್ಲ ಜಾತಕ ಬರೆದವಳ ನಾಲಿಗೆಯೇ ಸತ್ತು ಬಿದ್ದಿತ್ತು.

ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಏನಾಗುತ್ತದೆ ಎಂಬುದನ್ನು ಅವಳು ಕಣ್ಣಿಗೆ ಕಟ್ಟುವಂತೆ ಕಂಡಳು. ಸೊಸೆ ಮಂಚದ ಕೆಳಗಿನ ಸೀಸೆಯೊಡನೆ ಮೆರವಣಿಗೆಯಲ್ಲಿ ಅಡುಗೆಮನೆಗೆ ಬರುತ್ತಾಳೆ. ಕೆಳಗಿನ ಹಣ್ಣಿನಂಗಡಿಯ ಆಫೋಂಗ್ ಅಯ್ಯೋ ಪಾಪ ಅನ್ನುತ್ತಾಳೆ, ಅಂದು ಸುಮ್ಮನಿರದೆ ತನ್ನ ಮನೆಯ ಸಾರು ತಂದು ಕೊಡುತ್ತಾಳೆ. ಆಫೋಂಗಳ ಸಾರು! ಮಡಕೆ ಹೋದ ಮೇಲೆ ಲಿನ್‌ಹೋ ಈ ಮನೆಯಲ್ಲಿ ಏನು? ಮೂಲೆಯಲ್ಲಿ ಕೂತು ಬೀನ್ಸ್ ನಾರು ತೆಗೆಯುವ ಮುದುಕಿ. ಆ ಭಯಕ್ಕೆ ಅವಳು ಬಾಯಿಗೆ ಬೀಗ ಹಾಕಿಕೊಂಡು ಒಲೆ ಹಚ್ಚಿದಳು.

ಅಂದಿನ ಸಾರಿಗೆ ತಾವರೆ ಬೀಜ. ಪ್ರತಿ ಬೀಜದೊಳಗೂ ಒಂದು ಹಸಿರು ಮೊಳಕೆ ಇರುತ್ತದೆ, ವಿಷದಂಥ ಕಹಿ, ಒಂದೊಂದಾಗಿ ಬಿಡಿಸಿ ತೆಗೆಯಬೇಕು. ಕಿತ್ತಳೆ ಸಿಪ್ಪೆಯನ್ನು ನೆನೆಸಿ ಒಳಗಿನ ಬಿಳಿ ಪದರವನ್ನು ಹೆರೆಯಬೇಕು. ಗಾಬರಿಯಲ್ಲಿ ಎರಡೂ ಮರೆತುಹೋದವು. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಎರಡು ಸಲ ಹಾಕಿದಳು. ಮೇಜಿನ ಮೇಲೆ ಇಟ್ಟು, ಈಗ ಸಿಕ್ಕಿಬಿದ್ದೆ ಎಂದು ಎದೆ ಹಿಡಿದುಕೊಂಡು ಕೂತಳು.

ಮಗ ಒಂದು ಗುಟುಕು ಕುಡಿದ. ಅವನ ಕಣ್ಣಲ್ಲಿ ನೀರು ಬಂತು.

"ಅಮ್ಮ, ಇದಕ್ಕೆ ಏನ್ ಹಾಕಿದ್ದೀಯ?"

"ಯಾಕೆ? ಏನಾಗಿದೆ?"

"ಏನಿಲ್ಲ. ಮೈಗೆ ತುಂಬಾ ಒಳ್ಳೇದು ಇರ್ಬೇಕು ಅಂತ ಕೇಳ್ದೆ."

ಪೇಯ್‌ಲಿಂಗ್ ರೆಪ್ಪೆ ಕೂಡ ಅಲ್ಲಾಡಿಸದೆ ಬಟ್ಟಲು ಮುಗಿಸಿದಳು. ಅತ್ತೆಯ ಸಾರು ಎಲ್ಲ ದಿನವೂ ಹೀಗೇ ಇರುತ್ತದೆ ಎಂದು ಅವಳು ಮದುವೆಯಾದಾಗಿನಿಂದ ನಂಬಿದ್ದಳು. ಕಾಮ್‌ತೋಂಗ್ ಎರಡು ಬಟ್ಟಲು ಕುಡಿದ, ಹೂಂ ಅಂದ, ಪತ್ರಿಕೆ ಎತ್ತಿಕೊಂಡ.

ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಲಿನ್‌ಹೋ ಆಫೋಂಗಳಿಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಆಫೋಂಗ್ ಮೆಟ್ಟಿಲು ಹತ್ತಿ ಓಡಿ ಬಂದದ್ದು ಕಂಡು, ಬಂತಪ್ಪ ಗ್ರಹಚಾರ ಎಂದುಕೊಂಡಳು.

"ಚಿಕ್ಕಮ್ಮಾ! ಏನ್ ಸಾರು ಚಿಕ್ಕಮ್ಮ ಅದು! ಕುಡಿದ ತಕ್ಷಣ ತಲೆ ಗಿರ್ ಅಂತು. ಬೆಳಗಿನವರೆಗೂ ಕಕ್ಕಸಿಗೆ ಓಡಾಡಿದ್ದೇ ಓಡಾಡಿದ್ದು. ಒಳಗಿನ ವಿಷವೆಲ್ಲ ಹೊರಗೆ! ನನ್ನ ಸೊಂಟ ನೋಡಿ, ಹೂವಾಗಿದೆ. ಇವತ್ತೂ ಮಾಡ್ತೀರಾ?"

ಹಗ್ಗದ ಓಣಿಯಲ್ಲಿ ಹುಟ್ಟಿದ ಮಗು ಅಮ್ಮ ಅನ್ನುವ ಮೊದಲೇ ಒಂದು ಪಾಠ ಕಲಿಯುತ್ತದೆ, ಒಳ್ಳೆಯ ಮದ್ದು ಬಾಯಿಗೆ ಕಹಿ. ಅದನ್ನು ತಿರುಗಿಸಿ ಹಾಕಲು ಎಷ್ಟು ಹೊತ್ತು? ಬಾಯಿಗೆ ಕಹಿಯಾದದ್ದೆಲ್ಲ ಒಳ್ಳೆಯ ಮದ್ದೇ ಆಗಿರಬೇಕು. ವಾರ ಕಳೆಯುವುದರೊಳಗೆ ಜನ ಸ್ಟೀಲಿನ ಕ್ಯಾನು ಹಿಡಿದು ಮೆಟ್ಟಿಲ ಮೇಲೆ ಸಾಲು ನಿಂತರು. ಮೂವತ್ತು ವರ್ಷ ಅಮೃತದಂಥ ಸಾರು ಮಾಡಿದಾಗ ಒಂದು ಥ್ಯಾಂಕ್ಸ್ ಅಂದು ಹೋಗುತ್ತಿದ್ದವರು ಈಗ ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಬೆನ್ನುನೋವಿನವರು ಬಂದರು, ನಿದ್ದೆ ಬಾರದವರು ಬಂದರು. ಮೈಯಲ್ಲಿ ಏನೂ ರೋಗವಿಲ್ಲದ ಒಬ್ಬ ಮೇಷ್ಟರು ಒಂದು ಬಟ್ಟಲು ಕುಡಿದು, ತನಗೆ ಇಷ್ಟು ದಿನ ರೋಗವಿತ್ತು ಎಂದು ಕಂಡುಕೊಂಡು ಧನ್ಯವಾದ ಹೇಳಿ ಹೋದರು.

ಮೊದಮೊದಲು ಲಿನ್‌ಹೋಗೆ ಬದುಕಿದೆ ಅನಿಸಿತು. ಬಚಾವಾದ ಖುಷಿ ಬಹಳ ದಿನ ಬಾಳಲಿಲ್ಲ. ಒಂದು ಅನುಮಾನ ಅವಳನ್ನು ಕೊರೆಯತೊಡಗಿತು, ಅವಳು ಪರೀಕ್ಷೆಗೆ ಇಳಿದಳು. ಬೇಕೆಂದೇ ಉಪ್ಪು ಬಿಟ್ಟಳು. ಉಪ್ಪಿಲ್ಲದ್ದು ರಕ್ತಕ್ಕೆ ಒಳ್ಳೆಯದು ಅಂದರು. ತಳ ಹತ್ತಿಸಿದಳು. ಸುಟ್ಟದ್ದು ತೇವ ಹೀರುತ್ತದೆ ಅಂದರು. ಮೀನಿನ ಸಾರಿಗೆ ಹಿಡಿ ಸಕ್ಕರೆ ಸುರಿದಳು. ಮಗ ಮುಖ ಕಿವಿಚಿಕೊಂಡು, ಇದು ಯಾವ ಅಂಗಕ್ಕಮ್ಮ ಎಂದು ಕೇಳಿದ. ಗಂಡ ಎರಡು ಬಟ್ಟಲು ಕುಡಿದು ಹೂಂ ಅಂದ.

ಆ ಹೂಂ ಕೇಳಿ ಲಿನ್‌ಹೋಗೆ ಎದೆ ಉರಿಯಿತು. ಸಕ್ಕರೆ ಹಾಕಿದ ಮೀನಿಗೂ ಹೂಂ, ಇಡೀ ಬೆಳಗು ಉರಿ ಕಾದು ಮಾಡಿದ ಸಾರಿಗೂ ಅದೇ ಹೂಂ ಆಗಿದ್ದರೆ, ಇಷ್ಟು ವರ್ಷ ತಾನು ಅಡುಗೆ ಮಾಡಿದ್ದು ಯಾರಿಗೆ? ಒಂದೊಂದು ತಾವರೆ ಬೀಜ ಬಿಡಿಸಿದ್ದು ಯಾರ ನಾಲಿಗೆಗೆ? ಗೋಡೆಗೆ ಸುರಿದಿದ್ದರೂ ಆಗುತ್ತಿತ್ತು, ಗೋಡೆಯಾದರೂ ಬೆವರುತ್ತದೆ. ಸಿಕ್ಕಿಬೀಳುವ ಭಯ ಹೋಗಿ ಈಗ ಯಾರೂ ಹಿಡಿಯುತ್ತಿಲ್ಲ ಎಂಬ ಸಂಕಟ ಹತ್ತಿತು. ಥೂ, ಇದೇನು ಹೊಲಸು ಮಾಡಿದ್ದೀಯ ಎಂದು ಒಬ್ಬರೇ ಒಬ್ಬರು, ಅದೂ ತನ್ನ ಮನೆಯವರು, ಬಟ್ಟಲು ತಳ್ಳಿದ್ದರೆ ಅವಳು ಅಲ್ಲೇ ಅವರ ಕಾಲಿಗೆ ಬೀಳುತ್ತಿದ್ದಳು. ಯಾರೂ ತಳ್ಳಲಿಲ್ಲ.

ಲಿಚಿ ಹಣ್ಣು ಬರುವ ಹೊತ್ತಿಗೆ ಅವಳಿಗೆ ಸಾಕಾಯಿತು. ಪರಿಚಯದ ವೈದ್ಯರ ಬಳಿ ಹೋದರೆ ಮಾನ ಹೋಗುತ್ತದೆಂದು ದೋಣಿ ಹತ್ತಿ ಹೊಳೆಯಾಚೆ ಹೋದಳು. ಅಲ್ಲೊಬ್ಬ ಹಳೇ ನಾಡಿವೈದ್ಯರು, ಗಡ್ಡ ಎದೆಯವರೆಗೆ, ಹೆಸರು ಊರ ತುಂಬ. ಅವರು ಎಡಗೈ ನಾಡಿ ಹಿಡಿದು ಕಣ್ಣು ಮುಚ್ಚಿದರು. ಬಲಗೈ ನಾಡಿ ಹಿಡಿದು ಇನ್ನಷ್ಟು ಮುಚ್ಚಿದರು. ನಿದ್ದೆಹೋದರೇನೋ ಎಂದು ಲಿನ್‌ಹೋ ಕೆಮ್ಮಿದಳು.

"ನಾಲಿಗೆ ಚಾಚಿ," ಅಂದರು ವೈದ್ಯರು.

ಓಣಿಗೆಲ್ಲ ನಾಲಿಗೆ ಚಾಚಿಸಿದವಳು ಮೊದಲ ಸಲ ತಾನು ಚಾಚಿದಳು. ಎಷ್ಟು ಅವಮಾನದ ಕೆಲಸ ಎಂದು ಆಗ ತಿಳಿಯಿತು.

"ಒಳಗೆ ತೇವ ಕೂತಿದೆ. ಮೇಲೆ ಉಷ್ಣ ಏರಿದೆ. ಮೂಗಿನ ದಾರಿ ಕಟ್ಟಿದೆ."

ಇದನ್ನು ತಾನೇ ತನಗೆ ಪುಕ್ಕಟೆ ಹೇಳಿಕೊಳ್ಳಬಹುದಿತ್ತು ಎಂದುಕೊಂಡರೂ ಸುಮ್ಮನೆ, "ಮದ್ದು ಏನು ವೈದ್ಯರೇ?" ಎಂದು ಕೇಳಿದಳು.

ವೈದ್ಯರು ದನಿ ತಗ್ಗಿಸಿದರು. "ನೋಡಿಯಮ್ಮ, ಬೇರು ನಾರು ನಾನೂ ಕೊಡ್ತೀನಿ. ಆದ್ರೆ ನಿಮ್ಮ ರೋಗಕ್ಕೆ ಅಂತಲೇ ಹೇಳಿ ಮಾಡಿಸಿದ್ದು ಒಂದಿದೆ. ಹೊಳೆ ಆ ಕಡೆ ಹಗ್ಗದ ಓಣಿ ಅಂತಿದೆ. ಅಲ್ಲೊಬ್ಬರು ತಾಯಿ ಕಹಿ ಸಾರು ಕೊಡ್ತಾರೆ. ಒಂದು ತಿಂಗಳು ಬಿಡದೆ ಕುಡೀರಿ. ನಾನೂ ತರಿಸಿ ಕುಡೀತೀನಿ, ಯಾರಿಗೂ ಹೇಳ್ಬೇಡಿ."

ಲಿನ್‌ಹೋ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅದು... ರುಚಿ ಹೇಗಿರುತ್ತೆ?"

"ರುಚೀನಾ?" ವೈದ್ಯರಿಗೆ ನಗು ಬಂತು. "ಬಾಯಿಗಿಟ್ರೆ ಜೀವ ಹೋಗುತ್ತೆ ತಾಯಿ! ಅಂಥ ಶುದ್ಧ ಮದ್ದು ಈ ಕಾಲದಲ್ಲಿ ಯಾರು ಮಾಡ್ತಾರೆ?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಲಿನ್‌ಹೋಳ ಹಿತ್ತಲ ಗಿಡ ಹೊಳೆ ದಾಟಿ, ಗಡ್ಡ ಬೆಳೆಸಿಕೊಂಡು, ಮದ್ದಾಗಿ ಅವಳ ಕೈಗೇ ಬಂದಿತ್ತು. ಅದಕ್ಕೆ ಶುಲ್ಕ ಕೊಟ್ಟು ಅವಳು ಎದ್ದು ಬಂದಳು. ದೋಣಿಯಲ್ಲಿ ನಗಬೇಕೋ ಅಳಬೇಕೋ ತಿಳಿಯದೆ, ಪಕ್ಕದಲ್ಲಿ ಕೂತಿದ್ದವಳಿಗೆ ನಿನ್ನ ಮುಖದಲ್ಲಿ ಥಂಡಿ ಇದೆ ಎಂದು ಸುಮ್ಮಸುಮ್ಮನೆ ಗದರಿದಳು.

ಓಣಿಯ ಬಾಯಲ್ಲಿ ಆಫೋಂಗಳ ಹಣ್ಣಿನಂಗಡಿ. ಅಲ್ಲಿ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತವನು ತನ್ನ ಗಂಡ, ತೊಡೆಯ ಮೇಲೆ ಲಿಚಿಯ ಗೊಂಚಲು. ಒಂದು ಲಿಚಿ ತಿಂದರೆ ಮೂರು ಪಂಜಿನಷ್ಟು ಬೆಂಕಿ ಎಂದು ಮನೆಯಲ್ಲಿ ನಿಷೇಧಿಸಿದ್ದ ಹಣ್ಣು! ಕಳ್ಳನನ್ನು ಮಾಲಿನ ಸಮೇತ ಹಿಡಿಯೋಣವೆಂದು ಲಿನ್‌ಹೋ ನೇತುಹಾಕಿದ ಬಾಳೆಗೊನೆಗಳ ಹಿಂದೆ ಸರಿದು ನಿಂತಳು.

"ಚಿಕ್ಕಪ್ಪ, ಕೋಪ ಮಾಡ್ಕೋಬೇಡಿ," ಅನ್ನುತ್ತಿದ್ದಳು ಆಫೋಂಗ್. "ಇವತ್ತಿನ ಸಾರು ಗಂಟಲಲ್ಲೇ ಇಳೀಲಿಲ್ಲ. ನಂಗೆ ಯಾಕೋ ಅನುಮಾನ. ಚಿಕ್ಕಮ್ಮಂಗೆ ಕೈ ತಪ್ತಿದೆಯಾ ಅಂತ."

ಲಿನ್‌ಹೋ ಬಾಳೆಗೊನೆಗೆ ಕಿವಿ ಆನಿಸಿದಳು.

"ಕೈ ತಪ್ಪೋದಾ? ಅವಳಿಗಾ?" ಅಂದ ಕಾಮ್‌ತೋಂಗ್. ಹಗ್ಗ ಬಿಡು, ಹಗ್ಗ ಎಳಿ ಎಂದಷ್ಟೇ ಬಲ್ಲ ಬಾಯಿ ನೆರೆ ಬಂದ ಹೊಳೆಯಂತೆ ಹರಿಯಿತು. "ಬೇಸಿಗೆ ಯಾರ ಕಾಲ? ಹೃದಯದ ಕಾಲ. ಹೃದಯಕ್ಕೆ ಏನು ಬೇಕು? ಕಹಿ ಬೇಕು. ತಾವರೆ ಬೀಜದ ಮೊಳಕೆ ಬೇಕಂತಲೇ ಬಿಟ್ಟಿರೋದು ಕಣಮ್ಮ. ಅವರಜ್ಜಿ ಕಾಲದ ಪಾಠ ಅದು. ಮೊದಲ ದಿನಾನೇ ನಿಂಗೆ ಹೇಳಿರ್ಲಿಲ್ವಾ?"

"ಹೇಳಿದ್ರಿ. ಹಾಗಾದ್ರೆ ಮೊನ್ನೆ ಅಷ್ಟೊಂದು ಉಪ್ಪು?"

"ಉಪ್ಪು ಮೂತ್ರಪಿಂಡಕ್ಕೆ."

"ಮೂತ್ರಪಿಂಡದ್ದು ಚಳಿಗಾಲ ಅಲ್ವಾ ಚಿಕ್ಕಪ್ಪ?"

ಕಾಮ್‌ತೋಂಗ್ ಲಿಚಿಯ ಬೀಜ ಉಗುಳಿದ. "ಚಳಿಗಾಲಕ್ಕೆ ಈಗಲೇ ಮುಂಗಡ. ಕುಡಿಯೋಕೆ ಆಗ್ದಿದ್ರೆ ತಪ್ಪು ಸಾರಿಂದಲ್ಲ, ನಿನ್ನ ಒಳಗೇ ಏನೋ ಕೆಟ್ಟಿದೆ. ಬಾಯಿಗೆ ಹಿತವಾಗಿರೋದೇ ಬೇಕಿದ್ರೆ ಮೂಲೆ ಅಂಗಡೀಲಿ ಸೋಡಾ ಸಿಗುತ್ತೆ, ಕುಡಿ ಹೋಗು. ಮೇಷ್ಟ್ರಿಗೂ ಇದನ್ನೇ ಹೇಳ್ದೆ, ದೋಣಿಯವರಿಗೂ ಇದನ್ನೇ ಹೇಳಿ ಹೊಳೆಯಾಚೆ ಕಳಿಸಿದ್ದೀನಿ."

ಅವಳ ಖ್ಯಾತಿಯ ತಳಮೂಲ ಅಲ್ಲಿ ಸ್ಟೂಲಿನ ಮೇಲೆ ಕೂತು ಕದ್ದುಮುಚ್ಚಿ ಲಿಚಿ ಸುಲಿಯುತ್ತಿತ್ತು. ಇಷ್ಟು ವರ್ಷ ಪತ್ರಿಕೆಯ ಹಿಂದಿನಿಂದ ಅವಳ ಒಂದೊಂದು ಪ್ರವಚನವನ್ನೂ ಕೇಳಿಸಿಕೊಂಡು, ಅಕ್ಷರ ಬಿಡದೆ ಇಟ್ಟುಕೊಂಡಿದ್ದ ಮನುಷ್ಯ. ಲಿನ್‌ಹೋ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಮನೆ ಸೇರಿದಳು. ಸ್ವಲ್ಪ ಹೊತ್ತಿಗೆ ಅವನೂ ಬಂದ, ಅಂಗಿಯೊಳಗೆ ಹೊಟ್ಟೆ ಎಂದಿಗಿಂತ ದೊಡ್ಡದಾಗಿತ್ತು. ಅವಳು ಮಧ್ಯಾಹ್ನ ಉಳಿದಿದ್ದ ಸಾರನ್ನು ಒಂದು ಬಟ್ಟಲು ಬಡಿಸಿ ಅವನ ಮುಂದೆ ಕುಕ್ಕಿದಳು.

"ಹೇಗಿದೆ ರೀ?"

"ಹೂಂ."

"ಹೂಂ ಬೇಡ. ನಾನು ಬಾಳೆಗೊನೆ ಹಿಂದೆ ನಿಂತಿದ್ದೆ."

ಕಾಮ್‌ತೋಂಗ್ ಬಟ್ಟಲು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಅಂಗಿಯೊಳಗಿಂದ ಲಿಚಿಯ ಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟ.

"ಲಿಚಿ ಮನೆ ಹಾಳಾಯ್ತು! ಯಾವತ್ತಿಂದ ಗೊತ್ತು ನಿಮಗೆ?"

"ಡಬ್ಬಿ ಮೂಸಿ, ಮುಚ್ಚಿ, ಮತ್ತೆ ತೆಗೆದು ಮೂಸಿದ್ಯಲ್ಲ. ಅವತ್ತೇ."

"ಹೇಳಿ ಮತ್ತೆ. ಸಾರು ಹೇಗಿದೆ?"

"ನಾಯಿ ಮೂಸಲ್ಲ."

ಲಿನ್‌ಹೋ ಕುರ್ಚಿ ಎಳೆದು ಅವನೆದುರು ಕೂತಳು. ಅವನು ಶುರು ಮಾಡಿದವನು ನಿಲ್ಲಿಸಲಿಲ್ಲ.

"ಮೊದಲನೇ ದಿನದ್ದು ಬರೀ ವಿಷ. ಆಮೇಲಿಂದು ದೋಣಿ ತಳದಿಂದ ಎತ್ತಿ ಚೆಲ್ತೀವಲ್ಲ, ಆ ನೀರು. ತಳ ಹತ್ತಿದ್ದು ಪರವಾಗಿಲ್ಲ, ಅದರಲ್ಲಿ ಬೇರೆ ಏನೂ ಗೊತ್ತಾಗ್ಲಿಲ್ಲ. ಸಕ್ಕರೆ ಹಾಕಿದ ಮೀನು ಕುಡಿದಾಗ ಮಾತ್ರ ಸತ್ತ ನಮ್ಮಪ್ಪ ಕಣ್ಮುಂದೆ ಬಂದ."

"ಅಂಥಾದ್ದನ್ನ ದಿನಾ ಎರಡೆರಡು ಬಟ್ಟಲು ಯಾಕೆ ಕುಡಿದ್ರಿ? ಒಂದು ಕುಡಿದು ಎದ್ದು ಹೋಗ್ಬಾರ್ದಿತ್ತಾ?"

"ಒಂದೇ ಕುಡಿದ್ರೆ ನಿಂಗೆ ಅನುಮಾನ ಬರ್ತಿತ್ತು."

ಲಿನ್‌ಹೋಗೆ ಅಳು ಬಂತು. ಸಿಟ್ಟೂ ಬಂತು. ಯಾವುದು ಮೊದಲು ಎಂದು ಎರಡೂ ಗಂಟಲಲ್ಲಿ ತಳ್ಳಾಡಿದವು. "ಮೂಗು ಹೋದ ಮೇಲಿಂದು ಹಾಳಾಗ್ಲಿ," ಅಂದಳು ಸೆರಗಿಲ್ಲದ ಅಂಗಿಯ ತೋಳಿಗೆ ಮುಖ ಒರೆಸಿಕೊಂಡು. "ಮುಂಚೆ? ಮುಂಚೆ ಮಾಡ್ತಿದ್ದದ್ದಾದ್ರೂ ನಿಮ್ಮ ನಾಲಿಗೆಗೆ ತಾಗಿತ್ತಾ?"

"ನೆರೆ ಬಂದಿತ್ತಲ್ಲ, ದೋಣಿ ನಿಲ್ಸಿದ್ವಿ. ಆ ವರ್ಷ ಮನೇಲಿ ಏನೂ ಇರ್ಲಿಲ್ಲ, ನೀನು ಬರೀ ತಾವರೆ ದಂಟು ಒಂದು ಮೂಳೆ ಹಾಕಿ ಮಾಡಿದ್ದೆ. ಅವತ್ತು ಮೂರನೇ ಬಟ್ಟಲು ಕೇಳೋಣ ಅನ್ಸಿತ್ತು."

"ಕೇಳ್ಬೇಕಾಗಿತ್ತು!"

"ಮೂರು ಕುಡಿದ್ರೆ ಒಳಗೆ ಥಂಡಿ ಆಗುತ್ತೆ ಅಂತ ನೀನೇ ಬೈತಿದ್ದೆ."

ಅವಳು ಒಂದು ಲಿಚಿ ಸುಲಿದು ಅವನ ಮುಂದಿಟ್ಟಳು. ಇನ್ನೊಂದು ಸುಲಿಯಲಿಲ್ಲ. ಸಿದ್ಧಾಂತ ಸಿದ್ಧಾಂತವೇ.

ಮರುದಿನ ಬೆಳಿಗ್ಗೆ ಒಲೆಯ ಪಕ್ಕ ಒಂದು ಸ್ಟೂಲು ಬಂತು, ಅದರ ಮೇಲೆ ಕಾಮ್‌ತೋಂಗ್. ಲಿನ್‌ಹೋ ಬೀಜದ ಮೊಳಕೆ ಬಿಡಿಸಿದಳು, ಸಿಪ್ಪೆಯ ಬಿಳಿ ಹೆರೆದಳು, ಕೊನೆಗೆ ಚಮಚ ಅವನ ಬಾಯಿಗೆ ಹಿಡಿದಳು. ಇನ್ನೊಂದು ಚಿಟಿಕೆ ಅಂದ. ಸಾಕು ಅಂದ. ಒಂದು ತುಂಡು ಶುಂಠಿ ಹಾಕು ಅಂದ. ಹೀಗೆ ಬಹಳ ದಿನಗಳ ಮೇಲೆ ಆ ಮಹಡಿಗೆ ಘಮ ಹಬ್ಬಿತು, ಅವಳೊಬ್ಬಳಿಗೆ ಬಿಟ್ಟು.

ಹೊತ್ತು ಇಳಿಯುವ ಮೊದಲೇ ಆಫೋಂಗ್ ತುಂಬಿದ ಬಟ್ಟಲು ಹಿಡಿದುಕೊಂಡು ವಾಪಸು ಬಂದಳು. ಸಾವಿನ ಮನೆಗೆ ಬಂದವಳ ಮುಖ.

"ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ಇವತ್ತಿಂದು ರುಚಿಯಾಗಿದೆ."

"ಅದಕ್ಕೇನೀಗ?"

"ರುಚಿಯಾಗಿದ್ರೆ ಅದು ಯಾವ ರೋಗಕ್ಕೆ ಚಿಕ್ಕಮ್ಮ?"

ಮೂರ್ನಾಲ್ಕು ದಿನದಲ್ಲಿ ಮೆಟ್ಟಿಲ ಮೇಲಿನ ಸಾಲು ಕರಗಿತು. ಲಿನ್‌ಹೋಗೆ ವಯಸ್ಸಾಯಿತು, ವಿದ್ಯೆ ಕೈಬಿಟ್ಟಿತು ಎಂದು ಓಣಿ ಮರುಗಿತು. ಮೇಷ್ಟರಿಗೆ ರೋಗ ಮರುಕಳಿಸಿತು. ಹೊಳೆಯಾಚೆಯ ವೈದ್ಯರು ಹಳೆಯ ಮದ್ದುಗಳೆಲ್ಲ ಹೀಗೇ ನಶಿಸುತ್ತಿವೆ ಎಂದು ಗಡ್ಡ ನೀವಿಕೊಂಡರಂತೆ. ಮನೆಯಲ್ಲಿ ಮಗ, ಅಮ್ಮ ಇವತ್ತು ಔಷಧ ಹಾಕಲಿಲ್ಲವಾ ಎಂದು ಕೇಳಿದ. ಪೇಯ್‌ಲಿಂಗ್ ಮಾತ್ರ ಬಟ್ಟಲು ಮುಗಿಸಿ, ಮಂಚದ ಕೆಳಗಿನ ಸೀಸೆಯ ನೆನಪೇ ಇಲ್ಲದವಳಂತೆ, "ಅತ್ತೆ, ಇನ್ನೂ ಸ್ವಲ್ಪ ಇದೆಯಾ?" ಅಂದಳು.

ಲಿನ್‌ಹೋ ಗಂಡನ ಕಡೆ ನೋಡಿದಳು. ಅವನು ಎರಡನೆಯ ಬಟ್ಟಲು ಮುಗಿಸಿ ಬಾಯಿ ಒರೆಸಿಕೊಂಡ.

"ಶುಂಠಿ ಹೆಚ್ಚಾಯ್ತು," ಅಂದ.

"ಹಾಕು ಅಂದಿದ್ದು ಯಾರು? ನೀವೇ ಅಲ್ವಾ, ಸ್ಟೂಲ್ ಮೇಲೆ ಕೂತ್ಕೊಂಡು?"

"ಹಾಕು ಅಂದೆ. ಅಷ್ಟು ದಪ್ಪಂದು ಹಾಕು ಅನ್ಲಿಲ್ಲ," ಅಂದು ಕಾಮ್‌ತೋಂಗ್ ಖಾಲಿ ಬಟ್ಟಲನ್ನು ಮತ್ತೆ ಮುಂದೆ ಚಾಚಿದ.

ಮೂರನೆಯ ಬಟ್ಟಲು. ಒಳಗೆ ಥಂಡಿ ಆಗುತ್ತದೆ, ಈ ವಯಸ್ಸಲ್ಲಿ ಆಸೆಗೆ ಮಿತಿ ಬೇಡವಾ ಎಂದು ಲಿನ್‌ಹೋ ಬೈದಳು. ಬೈಯುತ್ತಲೇ ಬಟ್ಟಲು ತುಂಬಾ ಬಡಿಸಿದಳು.